ಶೆಡ್ಡಿನ ಮೇನ್ ಸ್ವಿಚ್ ಬಾಗಿಲ ಬಳಿಗೆ: ಪೆಟ್ಟಿಗೆ ಸರಿಸಿದರೆ ಸಾಕೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಹವ್ಯಾಸಕ್ಕಾಗಿ ಮರಗೆಲಸ ಮಾಡುತ್ತೇನೆ. ಮೂರು ಫೇಸಿನ 3 ಎಚ್‌ಪಿ ಪ್ಲೇನರ್-ಗರಗಸ, 2 ಎಚ್‌ಪಿಯ ಹೊಟ್ಟು ಹೀರುವ ಯಂತ್ರ, ಸಿಂಗಲ್ ಫೇಸಿನ 2 ಎಚ್‌ಪಿ ಕಂಪ್ರೆಸರ್ ಮತ್ತು 1 ಎಚ್‌ಪಿಯ ಡ್ರಿಲ್ಲಿಂಗ್ ಯಂತ್ರ ಇವೆ. ಮನೆಯ ಜಗುಲಿಯಲ್ಲಿ ಮೀಟರ್, ಅದರ ಪಕ್ಕದಲ್ಲೇ 40 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಅಲ್ಲಿಂದ 4 ಚದರ ಮಿ.ಮೀ. ತಾಮ್ರದ ತಂತಿ ಪೈಪಿನಲ್ಲಿ ಬಂದು ಶೆಡ್ಡಿನ ಹಿಂಗೋಡೆಯಲ್ಲಿರುವ ಹಳೆಯ ಕಬ್ಬಿಣದ 32 ಆಂಪಿಯರ್ ಮೇನ್ ಸ್ವಿಚ್ಚನ್ನು ಸೇರುತ್ತದೆ. ಈಗ ಆ ಗೋಡೆಗೆ ಹಲಗೆ ಜೋಡಿಸುವ ರ‍್ಯಾಕ್ ಕೂರಿಸಬೇಕಾಗಿದೆ. ಮೇನ್ ಸ್ವಿಚ್ಚನ್ನು ಬಿಚ್ಚಿ 14 ಅಡಿ ಆಚೆ ಬಾಗಿಲ ಪಕ್ಕ ಹಾಕಿ, ತಂತಿಗೆ ತುಂಡು ಸೇರಿಸಿ ಟೇಪು ಸುತ್ತಿದರೆ ಸಾಕಲ್ಲವೇ? ಸ್ವಿಚ್ ಆಫ್ ಮಾಡಿಕೊಂಡು ನಾನೇ ಮಾಡಬಹುದೇ? ಮೆಸ್ಕಾಂಗೆ ತಿಳಿಸಬೇಕೇ?

ಉತ್ತರ: ಸ್ವಿಚ್ಚನ್ನು ಬಾಗಿಲ ಬಳಿಗೆ ತರುವ ಯೋಚನೆ ಒಳ್ಳೆಯದು. ರ‍್ಯಾಕ್ ಇಲ್ಲದಿದ್ದರೂ ಅದನ್ನು ತರಬೇಕಿತ್ತು. ಗರಗಸ ತಿರುಗುತ್ತಿರುವಾಗ ಅದನ್ನು ಸುತ್ತು ಹಾಕಿಕೊಂಡು ಹಿಂಗೋಡೆಗೆ ಹೋಗಿ ಕರೆಂಟ್ ತೆಗೆಯಬೇಕಾದ ಏರ್ಪಾಟು ಮೊದಲಿನಿಂದಲೂ ತಪ್ಪೇ. ಆದರೆ ತುಂಡು ತಂತಿ, ಟೇಪು, ಸ್ವಿಚ್ ಆಫ್ ಮಾಡಿಕೊಂಡು ನೀವೇ ಮಾಡುವುದು, ಈ ಮೂರಕ್ಕೂ ನನ್ನ ಉತ್ತರ ಬೇಡ ಎಂದೇ. ಕಾರಣಗಳನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಶೆಡ್ಡಿನಂಥ ವ್ಯವಸ್ಥೆ ಮಲೆನಾಡಿನ ನೂರಾರು ಮನೆಗಳ ಹಿತ್ತಿಲಲ್ಲಿದೆ.

ಆ ಹಳೆಯ ಕಬ್ಬಿಣದ ಪೆಟ್ಟಿಗೆ ಇಷ್ಟು ದಿನ ಒಂದಲ್ಲ, ಮೂರು ಕೆಲಸ ಮಾಡುತ್ತಿತ್ತು. ಒಳಗಿನ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸುಗಳು ತಂತಿಯನ್ನು ಅತಿಯಾದ ಕರೆಂಟಿನಿಂದ ಕಾಪಾಡುವ ಕೆಲಸ ಮಾಡುತ್ತಿದ್ದವು, ಕನಿಷ್ಠ ಆ ಹೆಸರಿನಲ್ಲಿ ಕೂತಿದ್ದವು. ಪಕ್ಕದ ಹಿಡಿ ರಿಪೇರಿಯ ಹೊತ್ತಿಗೆ ಶೆಡ್ಡನ್ನು ಪೂರ್ತಿಯಾಗಿ ವಿದ್ಯುತ್ತಿನಿಂದ ಬೇರ್ಪಡಿಸುತ್ತಿತ್ತು. ಏನಾದರೂ ಅವಘಡವಾದರೆ ಓಡಿ ಹೋಗಿ ಕೆಳಗೆಳೆಯುವ ಹಿಡಿಯೂ ಅದೇ. ಪೆಟ್ಟಿಗೆಯನ್ನು ಇಡಿಯಾಗಿ ಸರಿಸಿದರೆ ಮೂರೂ ಕೆಲಸಗಳು ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಆದರೆ ಮೂರಕ್ಕೂ ಸರಿಯಾದ ಜಾಗ ಒಂದೇ ಅಲ್ಲ. ತಂತಿಯ ರಕ್ಷಣೆ ತಂತಿ ಹೊರಡುವ ಜಗುಲಿಯಲ್ಲಿರಬೇಕು. ಬೇರ್ಪಡಿಸುವ ಸ್ವಿಚ್ ಬಾಗಿಲ ಬಳಿ ಇರಬೇಕು. ತುರ್ತಾಗಿ ನಿಲ್ಲಿಸುವ ಗುಂಡಿ ಯಂತ್ರದ ಮೈಮೇಲೆಯೇ ಇರಬೇಕು. ಈ ವಿಂಗಡಣೆ ಒಪ್ಪಿಗೆಯಾದರೆ ಉಳಿದದ್ದೆಲ್ಲ ಸಾಮಾನು ಆರಿಸುವ ಮಾತು.

ಮೊದಲು ತಂತಿಯ ಲೆಕ್ಕ. ಪೈಪಿನೊಳಗೆ ಮೂರು ಫೇಸುಗಳು ಹರಿಯುವ 4 ಚದರ ಮಿ.ಮೀ. ತಾಮ್ರದ ಪಿವಿಸಿ ತಂತಿ 30 ಡಿಗ್ರಿ ಉಷ್ಣತೆಯಲ್ಲಿ ಸುಮಾರು 28 ಆಂಪಿಯರ್ ಹೊರಬಲ್ಲದು. ತಗಡಿನ ಚಾವಣಿಯ ಕೆಳಗೆ ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ಎಂದು ಹಿಡಿದರೆ ಅದು 24ಕ್ಕೆ ಇಳಿಯುತ್ತದೆ. ನಿಮ್ಮ ಜಗುಲಿಯ ಎಂಸಿಬಿ 40 ಆಂಪಿಯರಿನದು, ಶೆಡ್ಡಿನ ಸ್ವಿಚ್ 32ರದು. ಅಂದರೆ ತಂತಿ ತಾಳದಷ್ಟು ಕರೆಂಟ್ ಹರಿದರೂ ಎರಡೂ ಕಡೆ ಯಾವುದೂ ಬೀಳದೆ ಸುಮ್ಮನಿರುವ ಸಾಧ್ಯತೆ ಈಗಾಗಲೇ ಇದೆ. ಕಿಟ್‌ಕ್ಯಾಟ್‌ನಲ್ಲಿ ಫ್ಯೂಸ್ ವೈರಿನ ಬದಲು ಯಾರೋ ತಾಮ್ರದ ಎರಡು ಎಳೆ ತಿರುಚಿ ಹಾಕಿದ್ದರಂತೂ ಲೆಕ್ಕ ಮಾಡುವುದೇ ದಂಡ. ಒಮ್ಮೆ ಕಳಚಿ ನೋಡಿ. ಹತ್ತು ಶೆಡ್ಡಿನಲ್ಲಿ ಒಂದೆರಡರಲ್ಲಿಯಾದರೂ ಹಾಗೆ ಇದ್ದೇ ಇರುತ್ತದೆ ಎಂದು ನನಗನ್ನಿಸುತ್ತದೆ.

ಈ ಸ್ಥಿತಿಯಲ್ಲಿ ಪೆಟ್ಟಿಗೆಯನ್ನು 14 ಅಡಿ ಮುಂದಕ್ಕೆ ಒಯ್ದರೆ, ಅದಕ್ಕೆ ಮುಂಚಿನ ಆ 14 ಅಡಿ ತಂತಿಯಲ್ಲಿ ಶಾರ್ಟ್ ಆದಾಗ ಕಾಪಾಡುವುದಕ್ಕೆ ಜಗುಲಿಯ 40 ಆಂಪಿಯರ್ ಎಂಸಿಬಿ ಮಾತ್ರ ಉಳಿಯುತ್ತದೆ. ರಕ್ಷಣೆಯ ಸಾಧನವನ್ನು ತಂತಿ ಹೊರಡುವಲ್ಲಿ ಇಡದೆ 3 ಮೀಟರಿನವರೆಗೆ ಮುಂದೆ ಇಡಲು ಅಂತರರಾಷ್ಟ್ರೀಯ ವೈರಿಂಗ್ ನಿಯಮಗಳಲ್ಲಿ ರಿಯಾಯಿತಿಯೊಂದು ಇದೆ. ಆದರೆ ಅದಕ್ಕೊಂದು ಷರತ್ತೂ ಇದೆ: ಹತ್ತಿರದಲ್ಲಿ ಉರಿಯುವ ವಸ್ತು ಇರಬಾರದು. ನಿಮ್ಮದು 14 ಅಡಿ, ಅಂದರೆ 4 ಮೀಟರಿಗೂ ಮಿಗಿಲು. ಜೊತೆಗೆ ಒಣ ಹಲಗೆ, ಮರದ ಹೊಟ್ಟು, ಪಾಲಿಶು, ಥಿನ್ನರ್ ಎಲ್ಲವೂ ಅದೇ ಗೋಡೆಗೆ ಒರಗಿರುತ್ತವೆ. ಆ ರಿಯಾಯಿತಿಯನ್ನು ನೆನೆಯುವುದೂ ಬೇಡ.

ಹಾಗಾದರೆ ಏನು ಮಾಡಬೇಕು? ನಿಮ್ಮ ಯಂತ್ರಗಳ ಹಸಿವು ಎಷ್ಟೆಂದು ನೋಡೋಣ. 3 ಎಚ್‌ಪಿಯ ಮೂರು ಫೇಸ್ ಮೋಟಾರು ಪೂರ್ತಿ ಹೊರೆಯಲ್ಲಿ ಪ್ರತಿ ಫೇಸಿನಿಂದ ಸುಮಾರು 5 ಆಂಪಿಯರ್ ಎಳೆಯುತ್ತದೆ. ಹೊಟ್ಟು ಹೀರುವ ಯಂತ್ರ ಮೂರೂವರೆ ಆಂಪಿಯರ್ ಆಸುಪಾಸು. ಸಿಂಗಲ್ ಫೇಸಿನ ಕಂಪ್ರೆಸರ್ ಒಂದೇ ಫೇಸಿನಿಂದ 10–11 ಆಂಪಿಯರ್ ಕೇಳುತ್ತದೆ. ಡ್ರಿಲ್ಲಿಂಗ್ ಯಂತ್ರವನ್ನು ಬೇರೆ ಫೇಸಿಗೆ ಹಾಕಿದರೆ, ಅತಿ ಹೆಚ್ಚು ಹೊರೆಯ ಫೇಸಿನಲ್ಲಿ ಎಲ್ಲವೂ ಒಟ್ಟಿಗೆ ಓಡಿದರೂ 20 ಆಂಪಿಯರ್ ಹತ್ತಿರ ನಿಲ್ಲುತ್ತದೆ. ಆದ್ದರಿಂದ ಜಗುಲಿಯಲ್ಲಿ 40 ಆಂಪಿಯರಿನ ನಂತರ ಶೆಡ್ಡಿಗೆಂದೇ ಪ್ರತ್ಯೇಕವಾಗಿ 25 ಆಂಪಿಯರಿನ, ‘ಸಿ’ ಮಾದರಿಯ, ನಾಲ್ಕು ಪೋಲಿನ (ಮೂರು ಫೇಸುಗಳನ್ನೂ ನ್ಯೂಟ್ರಲನ್ನೂ ಒಟ್ಟಿಗೆ ತೆಗೆಯುವ) ಎಂಸಿಬಿ ಹಾಕಿಸಿ. ಮೋಟಾರು ಹೊರಡುವಾಗ ಆರೇಳು ಪಟ್ಟು ಕರೆಂಟ್ ಎಳೆಯುತ್ತದಲ್ಲ, ಇನ್ನೂ ಹೆಚ್ಚಿನ ಕರೆಂಟಿಗೆ ಬೀಳುವ ‘ಡಿ’ ಮಾದರಿ ಬೇಡವೇ ಎಂದು ಅಂಗಡಿಯವರು ಕೇಳಬಹುದು. ಆರೇಳು ಪಟ್ಟು ಎಂದರೆ ನಿಮ್ಮ ದೊಡ್ಡ ಮೋಟಾರಿಗೆ 30–35 ಆಂಪಿಯರ್. 25ರ ‘ಸಿ’ ಎಂಸಿಬಿ ತಟ್ಟನೆ ಬೀಳುವುದು 125ರಿಂದ 250 ಆಂಪಿಯರಿನ ನಡುವೆ. ‘ಸಿ’ ಧಾರಾಳವಾಯಿತು.

ಅಲ್ಲಿಂದ ಬಾಗಿಲ ಪಕ್ಕದ ಹೊಸ ಸ್ವಿಚ್ಚಿನವರೆಗೆ 6 ಚದರ ಮಿ.ಮೀ. ತಾಮ್ರದ ತಂತಿಯನ್ನು ನಡುವೆ ಎಲ್ಲೂ ಕತ್ತರಿಸದೆ ಎಳೆಸಿ. 6ರ ತಂತಿ ಪೈಪಿನೊಳಗೆ 40 ಡಿಗ್ರಿಯಲ್ಲೂ ಸುಮಾರು 31 ಆಂಪಿಯರ್ ಹೊರುತ್ತದೆ, 25ರ ಎಂಸಿಬಿ ಅದನ್ನು ನೆಮ್ಮದಿಯಾಗಿ ಕಾಯುತ್ತದೆ. ಒಟ್ಟು ದಾರಿ 25 ಮೀಟರ್ ಎಂದುಕೊಂಡರೂ 20 ಆಂಪಿಯರಿಗೆ ವೋಲ್ಟೇಜ್ ಇಳಿತ 3 ವೋಲ್ಟ್ ಚಿಲ್ಲರೆ, 400ರಲ್ಲಿ ಶೇಕಡಾ ಒಂದೂ ಅಲ್ಲ. ಮೂರು ಫೇಸ್, ನ್ಯೂಟ್ರಲ್, ಅರ್ಥ್ ಎಂದು ಐದು ತಂತಿಗಳಿಗೆ 25 ಮಿ.ಮೀ. ಪೈಪು ಸಾಲಬಹುದು, ಆದರೆ ತಿರುವುಗಳಿದ್ದರೆ ಎಳೆಯುವಾಗ ಹೊದಿಕೆ ತರಚುತ್ತದೆ. 32ರ ಪೈಪು ಹಾಕಿಸಿ. ಹೊಸ ತಂತಿಗೆ ಈಗ ದುಡ್ಡು ಹೊಂದುವುದಿಲ್ಲ, ಹಳೆಯ 4ರ ತಂತಿಯನ್ನೇ ಇಟ್ಟುಕೊಳ್ಳುತ್ತೇನೆ ಎಂದರೆ ಜಗುಲಿಯಲ್ಲಿ ಶೆಡ್ಡಿಗೆಂದು ಹಾಕುವ ಎಂಸಿಬಿ 20ರದ್ದಾಗಿರಲಿ, ಕಂಪ್ರೆಸರ್ ಮತ್ತು ಗರಗಸವನ್ನು ಒಟ್ಟಿಗೆ ಓಡಿಸದಿರಿ. ಆದರೆ ಆ ದಾರಿ ಹಿಡಿದರೆ ತಂತಿ ಹೇಗೂ ಬಾಗಿಲನ್ನು ಮುಟ್ಟುವುದಿಲ್ಲ, ಜೋಡಣೆ ಬೇಕೇ ಬೇಕು. ಅಲ್ಲಿಯೇ ತೊಂದರೆ ಶುರುವಾಗುವುದು.

ತಿರುಚಿ ಟೇಪು ಸುತ್ತಿದ ಗಂಟಿನ ಬಗ್ಗೆ ನನಗಿರುವಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಇಲ್ಲ. ಹೊರೆ ಬಂದಾಗ ಗಂಟು ಬಿಸಿಯಾಗಿ ಹಿಗ್ಗುತ್ತದೆ, ಹೊರೆ ಹೋದಾಗ ಕುಗ್ಗುತ್ತದೆ. ಪ್ರತಿ ಬಾರಿಯೂ ಎಳ್ಳಷ್ಟು ಸಡಿಲವಾಗುತ್ತದೆ. ಸಡಿಲವಾದಷ್ಟೂ ಇನ್ನಷ್ಟು ಬಿಸಿ. ಮಲೆನಾಡಿನ ಮಳೆಗಾಲದ ತೇವಕ್ಕೆ ತಾಮ್ರ ಹಸಿರು ಕಟ್ಟುತ್ತದೆ, ಟೇಪಿನ ಅಂಟು ಬಿಡುತ್ತದೆ. ಈ ಬಿಸಿಯನ್ನು ಯಾವ ಎಂಸಿಬಿಯೂ ಗುರುತಿಸುವುದಿಲ್ಲ, ಏಕೆಂದರೆ ಹರಿಯುವ ಕರೆಂಟ್ ಹೆಚ್ಚಾಗಿರುವುದಿಲ್ಲ. ಕೆಟ್ಟಿರುವುದು ಜೋಡಣೆ ಮಾತ್ರ. ಆ ಗಂಟಿನ ಮುಂದೆ ನೀವು ಕೂರಿಸಲು ಹೊರಟಿರುವುದು ಒಣ ಹಲಗೆಯ ರ‍್ಯಾಕ್!

ಅದರಲ್ಲೂ ನ್ಯೂಟ್ರಲ್ ಗಂಟು ಬಿಟ್ಟುಕೊಂಡರೆ ನಡೆಯುವುದೇ ಬೇರೆ. ಮೂರು ಫೇಸಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಕಳಚಿದಾಗ ಸಿಂಗಲ್ ಫೇಸಿನ ಸಾಮಾನುಗಳೆಲ್ಲ ಎರಡು ಫೇಸುಗಳ ನಡುವೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. 230 ವೋಲ್ಟಿನ ದೀಪಕ್ಕೋ ಬ್ಯಾಟರಿ ಚಾರ್ಜರಿಗೋ 400ರ ಸಮೀಪದ ವೋಲ್ಟೇಜ್ ಬರಬಹುದು. ದೊಡ್ಡ ಹೊರೆಯ ಕಂಪ್ರೆಸರ್ ಉಳಿಯುತ್ತದೆ, ಸಣ್ಣ ಹೊರೆಯವು ಸುಟ್ಟು ಹೋಗುತ್ತವೆ. ಆದ್ದರಿಂದ ಎಲ್ಲಿ ಜೋಡಣೆ ಅನಿವಾರ್ಯವೋ ಅಲ್ಲಿ ಜಂಕ್ಷನ್ ಪೆಟ್ಟಿಗೆ, ಅದರೊಳಗೆ ತಂತಿಯ ಗಾತ್ರಕ್ಕೆ ತಕ್ಕ ಸ್ಕ್ರೂ ಕನೆಕ್ಟರ್, ಮುಚ್ಚಳ ತೆಗೆದು ನೋಡಲು ಆಗುವಂಥ ಜಾಗ, ಇಷ್ಟು ಇರಲೇಬೇಕು. ರ‍್ಯಾಕಿನ ಹಿಂದೆ ಹೂತುಹೋಗುವ ಜಂಕ್ಷನ್ ಪೆಟ್ಟಿಗೆ ಇಲ್ಲದ ಪೆಟ್ಟಿಗೆಯಂತೆಯೇ. ಹಾಗಾಗಿ ನಿಮ್ಮ ವಿಚಾರದಲ್ಲಿ ಹೊಸ ತಂತಿಯೇ ಸರಿ. ಹಳೆಯ ತಂತಿಯನ್ನು ಪೂರ್ತಿಯಾಗಿ ಎಳೆದು ತೆಗೆಸಿ, ಮುಂದೊಂದು ದಿನ ಬೇಕಾಗಬಹುದೆಂದು ಗೋಡೆಯಲ್ಲಿ ಬಿಡಬೇಡಿ.

ಇನ್ನು ಹೊಸ ಸ್ವಿಚ್ಚಿನ ಜಾಗ. ಬಾಗಿಲ ಪಕ್ಕ ಎಂದಾಗ ಯಾವ ಪಕ್ಕ? ಬಾಗಿಲು ತೆರೆದಾಗ ಹಲಗೆ ಹೋಗಿ ಒರಗುವ ಕಡೆ ಹಾಕಿದರೆ ಬೇಕಾದ ಹೊತ್ತಿನಲ್ಲಿ ಅದು ಬಾಗಿಲ ಹಿಂದೆ ಅಡಗಿರುತ್ತದೆ. ಚಿಲಕದ ಕಡೆ ಹಾಕಿ. ಹೊರಗಿನಿಂದ ಬಂದವರು ಒಳಗೆ ಕಾಲಿಡದೆಯೇ ಕೈ ಚಾಚಿದರೆ ಸಿಗುವಂತಿರಲಿ. ಅವಘಡದ ಹೊತ್ತಿನಲ್ಲಿ ಸ್ವಿಚ್ ಹುಡುಕುವವರು ನೀವಲ್ಲ, ಮನೆಯವರು. ಅವರಿಗೆ ಯಂತ್ರಗಳ ನಡುವಿನ ದಾರಿ ಗೊತ್ತಿರುವುದಿಲ್ಲ. ಹಿಡಿಯ ಎತ್ತರ ನೆಲದಿಂದ ಒಂದೂವರೆ ಮೀಟರಿನ ಆಸುಪಾಸು ಇದ್ದರೆ ಎಲ್ಲರ ಕೈಗೂ ಎಟಕುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ 0.6ರಿಂದ 1.9 ಮೀಟರಿನವರೆಗೆ ಒಪ್ಪುತ್ತದೆ, 1.7ಕ್ಕಿಂತ ಮೇಲೆ ಹೋಗದಿದ್ದರೆ ಒಳ್ಳೆಯದು ಎನ್ನುತ್ತದೆ. ಬೋರ್ಡಿನ ಮುಂದೆ ಒಂದು ಮೀಟರ್ ತೆರವು ಜಾಗ ಬಿಡಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಕೂರಿಸುವ ದಿನ ಎಲ್ಲರ ಮನೆಯಲ್ಲೂ ಒಂದು ಮೀಟರ್ ಇರುತ್ತದೆ. ಆಮೇಲೆ ಅಲ್ಲಿ ಪ್ಲೈವುಡ್ ತುಂಡು, ಅಡಿಕೆ ಮೂಟೆ, ಹಳೆಯ ಸೈಕಲ್ಲು ಬಂದು ನಿಲ್ಲುತ್ತವೆ. ನೆಲದ ಮೇಲೆ ಹಳದಿ ಬಣ್ಣದಲ್ಲಿ ಒಂದು ಚೌಕ ಬಳಿದುಬಿಡಿ. ಮನೆಯವರ ಜೊತೆ ವಾದ ಮಾಡುವುದಕ್ಕಿಂತ ಅದು ಸುಲಭ.

ಶೆಡ್ಡಿನ ದೀಪಗಳಲ್ಲಿ ಒಂದನ್ನಾದರೂ ಈ ಸ್ವಿಚ್ಚಿನಿಂದ ಹೊರಗಿಡಿ. ಕರೆಂಟ್ ತೆಗೆದ ಮೇಲೂ ಗರಗಸದ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಕತ್ತಲಾದರೆ ಕೈ ಎಲ್ಲಿದೆ, ಬ್ಲೇಡು ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಮನೆಯ ಕಡೆಯ ಸರ್ಕ್ಯೂಟಿನಿಂದ ಒಂದು ದೀಪ ಬರಲಿ. ಆದರೆ ಶೆಡ್ಡಿನ ಮೇನ್ ತೆಗೆದರೂ ಆ ತಂತಿಯಲ್ಲಿ ಕರೆಂಟ್ ಇರುತ್ತದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಕೊಳ್ಳಬೇಕಾದ ಸಾಮಾನಿನ ವಿಷಯ. ಹಳೆಯ ಕಬ್ಬಿಣದ ಸ್ವಿಚ್ಚನ್ನೇ ತಂದು ಮತ್ತೆ ಹಾಕುವುದಕ್ಕೆ ನನ್ನ ವಿರೋಧವಿದೆ. ಕಿಟ್‌ಕ್ಯಾಟ್ ಫ್ಯೂಸ್ ಸುಡುವಾಗ ಕರಗಿದ ಲೋಹ ಸಿಡಿಯುತ್ತದೆ, ಸಂದುಗಳಿಂದ ನುಗ್ಗಿದ ಹೊಟ್ಟು ಆ ಪೆಟ್ಟಿಗೆಯೊಳಗೆ ತುಂಬಿರುತ್ತದೆ. ಅದರ ಬದಲು 40 ಆಂಪಿಯರಿನ, ನಾಲ್ಕು ಪೋಲಿನ, ತಿರುಗಿಸುವ ಹಿಡಿಯ ಐಸೊಲೇಟರ್ ತನ್ನಿ. ಅದರ ಮೇಲೆ ಎಸಿ-23ಎ ಎಂದು ಬರೆದಿದ್ದರೆ ಮೋಟಾರು ಓಡುತ್ತಿರುವಾಗಲೇ ತಿರುಗಿಸಿದರೂ ಅದು ತಾಳುತ್ತದೆ ಎಂದರ್ಥ. ಪೆಟ್ಟಿಗೆ ಧೂಳು ತಡೆಯುವ ಐಪಿ54 ಅಥವಾ ಅದಕ್ಕೂ ಮೇಲಿನದಾಗಿರಲಿ. ತಂತಿ ಒಳಹೋಗುವ ತೂತಿಗೆ ಗ್ಲ್ಯಾಂಡ್ (ತಂತಿಯ ಸುತ್ತ ಬಿಗಿಯುವ ಬಿರಡೆ) ಹಾಕದೆ ಬಿಟ್ಟರೆ ಆ ಐಪಿ ಸಂಖ್ಯೆಗೆ ಬೆಲೆಯಿಲ್ಲ, ಮೊದಲ ಮಳೆಗೇ ಇರುವೆಗಳು ಒಳಗೆ ಗೂಡು ಕಟ್ಟುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆಫ್ ಮಾಡಿದ ಸ್ಥಿತಿಯಲ್ಲಿ ಬೀಗ ಹಾಕಲು ಹಿಡಿಯಲ್ಲಿ ತೂತಿರಬೇಕು. ಬ್ಲೇಡು ಬದಲಿಸುವಾಗ ಬೀಗ ಜಡಿದು ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಶಾಲೆ ಬಿಟ್ಟು ಬಂದ ಮಕ್ಕಳು ಕುತೂಹಲಕ್ಕೆ ಹಿಡಿ ತಿರುಗಿಸುವುದೂ ಅದರಿಂದ ನಿಲ್ಲುತ್ತದೆ.

ಐಸೊಲೇಟರಿನಲ್ಲಿ ಫ್ಯೂಸೂ ಇಲ್ಲ, ಎಂಸಿಬಿಯೂ ಇಲ್ಲ. ಅದು ಬರೀ ಸ್ವಿಚ್. ಅದರ ಕೆಳಗೆ ಕರೆಂಟ್ ಹಂಚುವ ಪುಟ್ಟ ಡಿಬಿ ಪೆಟ್ಟಿಗೆಯಲ್ಲಿ 40 ಆಂಪಿಯರ್, 30 ಮಿಲಿಆಂಪಿಯರಿನ, ಕರೆಂಟ್ ಸೋರಿದರೆ ತಾನೇ ಬೀಳುವ ನಾಲ್ಕು ಪೋಲಿನ ಆರ್‌ಸಿಸಿಬಿ, ಆಮೇಲೆ ಪ್ರತಿ ಯಂತ್ರಕ್ಕೂ ಒಂದೊಂದು ಎಂಸಿಬಿ ಬರಲಿ. ಆರ್‌ಸಿಸಿಬಿಯ ನಂತರದ ನ್ಯೂಟ್ರಲ್ ಮನೆಯ ಬೇರೆ ನ್ಯೂಟ್ರಲ್ ಜೊತೆ ಎಲ್ಲೂ ಸೇರಬಾರದು, ಸೇರಿದರೆ ಕಾರಣವಿಲ್ಲದೆ ಬೀಳುತ್ತಿರುತ್ತದೆ. ಮಳೆಗಾಲದಲ್ಲಿ ಗರಗಸದ ಮೋಟಾರು ಹಾಕಿದೊಡನೆ ಬಿದ್ದರೆ ಮೋಟಾರಿನ ಸುರುಳಿ ತೇವ ಹಿಡಿದಿದೆ ಎಂದು ತಿಳಿಯಿರಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುವ ವೈರ್‌ಮನ್ ಸಿಕ್ಕರೆ ಅವರಿಗೆ ಚಹಾ ಕೊಟ್ಟು ಕಳಿಸಿ, ಮೋಟಾರನ್ನು ರಿವೈಂಡಿಂಗ್ ಅಂಗಡಿಗೆ ಒಯ್ಯಿರಿ. ಮುಂದೆ ಮೋಟಾರಿಗೆ ವೇಗ ಬದಲಿಸುವ ಇನ್ವರ್ಟರ್ ಡ್ರೈವ್ ಹಾಕುವ ಆಸೆಯಿದ್ದರೆ ಸಾಮಾನ್ಯ ಆರ್‌ಸಿಸಿಬಿ ಸಾಲುವುದಿಲ್ಲ, ಡ್ರೈವ್ ತಯಾರಕರು ಹೇಳುವ ಮಾದರಿಯನ್ನೇ ಕೇಳಬೇಕು.

ಮೂರನೆಯ ಕೆಲಸ, ನಿಲ್ಲಿಸುವುದು. ಬಾಗಿಲ ಸ್ವಿಚ್ ಎಷ್ಟು ಹತ್ತಿರವಿದ್ದರೂ ಗರಗಸದ ಮುಂದೆ ನಿಂತವರಿಗೆ ಅದು ದೂರವೇ. ಪ್ಲೇನರ್-ಗರಗಸಕ್ಕೆ ಅದರದೇ ಡಿಒಎಲ್ ಸ್ಟಾರ್ಟರ್ (ಗುಂಡಿ ಒತ್ತಿದಾಗ ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ ಸಾಧನ), ಮೊಣಕಾಲಿನಿಂದಲೂ ಒತ್ತಬಹುದಾದ ಅಣಬೆಯಾಕಾರದ ಕೆಂಪು ಗುಂಡಿ ಇರಲಿ. ಸ್ಟಾರ್ಟರಿನ ದೊಡ್ಡ ಉಪಕಾರ ಇನ್ನೊಂದಿದೆ. ಕರೆಂಟ್ ಹೋದಾಗ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಹಸಿರು ಗುಂಡಿ ಒತ್ತುವವರೆಗೂ ಯಂತ್ರ ಹೊರಡುವುದಿಲ್ಲ. ಜುಲೈ ತಿಂಗಳಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ನಿಮ್ಮ ಊರಿನಲ್ಲಿ ಇದಿಲ್ಲದೆ ಗರಗಸ ಓಡಿಸಕೂಡದು. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸ್ಟಾರ್ಟರ್ ಕೇಳಿದರೆ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ತೋರಿಸಬಹುದು. ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಮಾಡುವುದು ಅದರ ಗುಣ. ತೋಟದ ಪಂಪಿಗೆ ಅದು ವರ, ಗರಗಸಕ್ಕೆ ಹಾಕಿದರೆ ಬೆರಳು ಹೋಗುತ್ತದೆ. ಒಂದು ಫೇಸ್ ಹೋದಾಗ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರುವ ಸ್ಟಾರ್ಟರ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ತನ್ನಿ.

‘ಸ್ವಿಚ್ ಆಫ್ ಮಾಡಿಕೊಂಡು ನಾನೇ ಮಾಡಬಹುದೇ’ ಎಂದಿರಲ್ಲ, ಆ ಸ್ವಿಚ್ಚನ್ನೇ ಬಿಚ್ಚುವವರಿಗೆ ಅದನ್ನು ಆಫ್ ಮಾಡುವುದರಿಂದ ಯಾವ ರಕ್ಷಣೆಯೂ ಇಲ್ಲ. ಹಿಡಿ ಕೆಳಗಿದ್ದರೂ ಜಗುಲಿಯಿಂದ ಬಂದ ಮೂರು ಫೇಸುಗಳು ಪೆಟ್ಟಿಗೆಯ ಮೇಲಿನ ಟರ್ಮಿನಲ್ಲುಗಳಲ್ಲಿ ಜೀವಂತವಾಗಿಯೇ ಇರುತ್ತವೆ. ಕೈ ಹಾಕಬೇಕಾದದ್ದು ಅಲ್ಲಿಗೇ. ಜಗುಲಿಯ ಎಂಸಿಬಿ ತೆಗೆದು, ಆ ಪೆಟ್ಟಿಗೆಗೆ ಬೀಗ ಹಾಕಿದ ನಂತರವೇ ಶೆಡ್ಡಿನ ಪೆಟ್ಟಿಗೆ ತೆರೆಯಬೇಕು. ತೆರೆದ ಮೇಲೂ ಪರೀಕ್ಷೆ ಬೇಕು. ಜೇಬಿನ ಟೆಸ್ಟರಿನ ಬಲ್ಬು ಉರಿಯಲಿಲ್ಲ ಎಂಬುದು ಸಾಕ್ಷಿಯಲ್ಲ. ನೀವು ಒಣ ರಬ್ಬರ್ ಚಪ್ಪಲಿ ಹಾಕಿ ಹಲಗೆಯ ಮೇಲೆ ನಿಂತಿದ್ದರೂ ಅದು ಮಂಕಾಗಿ ಮೋಸ ಮಾಡಬಹುದು. ಎರಡು ಕಡ್ಡಿಯ ಮಲ್ಟಿಮೀಟರನ್ನೋ ಟೆಸ್ಟ್ ಲ್ಯಾಂಪನ್ನೋ ಮೊದಲು ಕರೆಂಟ್ ಇರುವ ಜಾಗದಲ್ಲಿ ಮುಟ್ಟಿಸಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಆಮೇಲೆ ಇಲ್ಲಿ ಫೇಸ್‌ಗಳ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ ನೋಡಬೇಕು. ಕೊನೆಗೆ ಮತ್ತೆ ಕರೆಂಟ್ ಇರುವ ಜಾಗಕ್ಕೆ ಹೋಗಿ ಮೀಟರು ನಡುವೆ ಕೆಟ್ಟಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕು. ಮನೆಯ ಯುಪಿಎಸ್‌ನ ಒಂದು ಎಳೆ ಶೆಡ್ಡಿನ ದೀಪಕ್ಕೆ ಬಂದಿದ್ದರೆ, ಜನರೇಟರ್ ಇದ್ದರೆ, ಬ್ಯಾಟರಿ ಸಮೇತದ ಸೋಲಾರ್ ಇದ್ದರೆ, ಅವುಗಳನ್ನೂ ಬೇರೆಯಾಗಿ ತೆಗೆಯಬೇಕು. ಮೇನ್ ಹೋದರೂ ಅವು ಹೋಗುವುದಿಲ್ಲ.

ಬಿಚ್ಚುವ ಮುಂಚೆ ಪ್ರತಿ ತಂತಿಗೂ ಗುರುತು ಕಟ್ಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಆರ್, ವೈ, ಬಿ ಫೇಸುಗಳಲ್ಲಿ ಎರಡು ಅದಲುಬದಲಾದರೆ ಮೂರು ಫೇಸಿನ ಮೋಟಾರುಗಳೆಲ್ಲ ಹಿಂದುಮುಂದಾಗಿ ತಿರುಗುತ್ತವೆ. ಹೊಟ್ಟು ಹೀರುವ ಯಂತ್ರ ಸರಿಯಾಗಿ ಹೀರುವುದಿಲ್ಲ ಎಂಬುದು ಚಿಕ್ಕ ತೊಂದರೆ. ಗರಗಸದ ಬ್ಲೇಡು ಉಲ್ಟಾ ತಿರುಗಿದರೆ ಬಿಗಿದ ನಟ್ಟು ಸಡಿಲವಾಗಬಹುದು. ಆದ್ದರಿಂದ ಮೊದಲ ಚಾಲನೆಗೆ ಬ್ಲೇಡು ತೆಗೆದು, ಬೆಲ್ಟ್ ಕಳಚಿ, ಒಂದು ಕ್ಷಣ ಒತ್ತಿ ಬಿಟ್ಟು ದಿಕ್ಕು ನೋಡಿ.

ಬಣ್ಣಗಳ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ರೂಢಿಯಾಗಿರುವುದು ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ಥಿಗೆ. ಮರಗೆಲಸದ ಅಮೆರಿಕದ ವಿಡಿಯೊ ನೋಡಿ ವೈರಿಂಗ್ ಕಲಿತರೆ ಅಲ್ಲಿ ಕಪ್ಪು ತಂತಿಯೇ ಫೇಸ್, ಬಿಳಿಯದು ನ್ಯೂಟ್ರಲ್. ಯುರೋಪಿನಿಂದ ಬಂದ ಯಂತ್ರದ ಕೇಬಲ್ಲಿನಲ್ಲಿ ನೀಲಿ ನ್ಯೂಟ್ರಲ್, ಕಪ್ಪು ಒಂದು ಫೇಸ್. ನೀಲಿಗೆ ನೀಲಿ ಎಂದು ಜೋಡಿಸಿದರೆ ನ್ಯೂಟ್ರಲ್ ಜಾಗಕ್ಕೆ ಬಿ ಫೇಸ್ ಬಂದು ಕೂರುತ್ತದೆ. ಬಣ್ಣ ನಂಬದೆ ಮೀಟರಿನಿಂದ ನೋಡಿಯೇ ಸೇರಿಸಬೇಕು. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ನಿಯಮಾವಳಿಯಲ್ಲಿ ಒಳ್ಳೆಯದೊಂದು ಇದೆ: ಮೋಟಾರಿನ ಐಸೊಲೇಟರ್ ಮೋಟಾರಿನಿಂದ ಕಣ್ಣಿಗೆ ಕಾಣುವಂತಿರಬೇಕು, 50 ಅಡಿಯೊಳಗಿರಬೇಕು. ನಿಮ್ಮ ಬಾಗಿಲ ಜಾಗ ಆ ಅಳತೆಗೂ ಪಾಸಾಗುತ್ತದೆ.

ಅರ್ಥಿಂಗ್ ವಿಷಯದಲ್ಲಿ ತಗಡಿನ ಶೆಡ್ಡು ಎಂದಾಗಲೇ ನನ್ನ ಕಿವಿ ನಿಮಿರುತ್ತದೆ. ತಂತಿ ತಗಡಿನ ಅಂಚಿಗೆ ತಾಗಿ ತರಚಿದರೆ ಇಡೀ ಶೆಡ್ಡೇ ಶಾಕ್ ಹೊಡೆಯುತ್ತದೆ. ತಗಡು ತೂರುವ ಕಡೆ ರಬ್ಬರ್ ಬುಷ್, ಶೆಡ್ಡಿನ ಕಬ್ಬಿಣದ ಚೌಕಟ್ಟಿಗೆ ಅರ್ಥ್ ಜೋಡಣೆ ಎರಡೂ ಬೇಕು. 250 ವೋಲ್ಟ್ ಮೀರಿದ ಸ್ಥಿರ ಮೋಟಾರಿನ ಚೌಕಟ್ಟಿಗೆ ಎರಡು ಪ್ರತ್ಯೇಕ ಅರ್ಥ್ ಜೋಡಣೆ ಇರಬೇಕೆಂದು ನಿಯಮ ಹೇಳುತ್ತದೆ. ಮೂರು ಫೇಸಿನ ನಿಮ್ಮ ಯಂತ್ರಗಳು ಅದರ ವ್ಯಾಪ್ತಿಗೆ ಬರುತ್ತವೆ. ಹಳೆಯ ಕಬ್ಬಿಣದ ಪೆಟ್ಟಿಗೆಗೆ ಬಂದಿದ್ದ ಅರ್ಥ್ ತಂತಿಯಿಂದ ಕವಲು ತೆಗೆದು ಯಂತ್ರಗಳಿಗೆ ಕೊಟ್ಟಿರುವುದು ಸಾಮಾನ್ಯ. ಪೆಟ್ಟಿಗೆ ತೆಗೆದ ದಿನ ಯಂತ್ರಗಳ ಅರ್ಥ್ ಸದ್ದಿಲ್ಲದೆ ಕಡಿದು ಹೋಗಿರುತ್ತದೆ, ಯಂತ್ರಗಳೇನೋ ಎಂದಿನಂತೆ ಓಡುತ್ತಿರುತ್ತವೆ. ಕೆಲಸ ಮುಗಿದ ಮೇಲೆ ಪ್ರತಿ ಯಂತ್ರದ ಮೈಯಿಂದ ಅರ್ಥ್ ತಂತಿಗಳೆಲ್ಲ ಸೇರುವ ಬಸ್‌ಬಾರಿನವರೆಗೆ ಮೀಟರ್ ಹಿಡಿದು ನೋಡಿಸಿ.

ಕಾನೂನಿನ ಮಾತಿಗೆ ಬರೋಣ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಜಾಗದಲ್ಲೇ, ಇದ್ದಂತೆಯೇ ಬದಲಿಸಲು ಮನೆಯವರಿಗೆ ಅವಕಾಶವಿದೆ. ಆದರೆ ವ್ಯವಸ್ಥೆಯ ಸಾಮರ್ಥ್ಯವನ್ನೋ ಸ್ವರೂಪವನ್ನೋ ಬದಲಿಸುವ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ ಆ ಪರವಾನಗಿ ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಮೂರು ಫೇಸಿನ ಮೇನ್ ಸ್ವಿಚ್ಚನ್ನು ಬೇರೆ ಗೋಡೆಗೆ ಒಯ್ಯುವುದು ಖಂಡಿತ ಬದಲಾವಣೆಯೇ. ಮೀಟರಿನ ಪಕ್ಕದ 40 ಆಂಪಿಯರ್ ಎಂಸಿಬಿ ಇದ್ದಲ್ಲೇ ಇರಲಿ. ಸರಬರಾಜು ಆರಂಭವಾಗುವ ಜಾಗದ ಹತ್ತಿರದಲ್ಲೇ ಇಡೀ ಮನೆಯನ್ನು ಬೇರ್ಪಡಿಸುವ ಸ್ವಿಚ್ ಇರಬೇಕೆಂಬ ನಿಯಮವನ್ನು ಪೂರೈಸುತ್ತಿರುವುದು ಅದೇ. ಮೀಟರಿನ ಸೀಲು, ಮೀಟರಿಗೆ ಬರುವ ತಂತಿ, ಕಟ್ ಔಟ್ ಇವುಗಳನ್ನು ನೀವೂ ಮುಟ್ಟುವಂತಿಲ್ಲ, ಗುತ್ತಿಗೆದಾರರೂ ಮುಟ್ಟುವಂತಿಲ್ಲ. ಮೀಟರನ್ನು ಅನಧಿಕೃತವಾಗಿ ಬಿಚ್ಚುವುದು, ಜೋಡಿಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 138ನೆಯ ಕಲಮಿನಡಿ ಅಪರಾಧ. ಮೂರು ವರ್ಷದವರೆಗಿನ ಸೆರೆ, ಹತ್ತು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಆಗಬಹುದು.

ಶೆಡ್ಡಿನ ಒಳಗಿನ ಕೆಲಸಕ್ಕಾಗಿ ಮೀಟರಿನಾಚೆಗೆ ಕೈ ಹಾಕಬೇಕಾಗಿಲ್ಲ. ಆದರೆ 40ರ ಎಂಸಿಬಿಯ ಮೇಲಿನ ತುದಿಯನ್ನು ಬಿಚ್ಚಬೇಕಾಗಿ ಬಂದರೆ, ಮೀಟರ್ ಬೋರ್ಡಿನಲ್ಲಿ ಹೊಸ 25ರ ಎಂಸಿಬಿಗೆ ಜಾಗವಿಲ್ಲದಿದ್ದರೆ, ಮೆಸ್ಕಾಂ ಶಾಖಾ ಕಚೇರಿಗೆ ಮೊದಲೇ ಹೇಳಿ ಕಂಬದಲ್ಲಿ ಕರೆಂಟ್ ತೆಗೆಸಿಕೊಳ್ಳಿ. ಸಹಾಯವಾಣಿಯ ಸಂಖ್ಯೆ 1912. ಹೋದಾಗ ಬಿಲ್ಲಿನ ಮೇಲಿರುವ ಮಂಜೂರಾದ ಹೊರೆಯನ್ನೂ ಒಮ್ಮೆ ನೋಡಿಕೊಳ್ಳಿ. ಯಂತ್ರಗಳನ್ನು ಕೂಡಿಸಿದರೆ 8 ಎಚ್‌ಪಿ ಆಗುತ್ತದೆ, ಅಂದರೆ ಸುಮಾರು 6 ಕಿಲೋವ್ಯಾಟ್, ಅದರ ಮೇಲೆ ಮನೆಯ ಹೊರೆ. ಹವ್ಯಾಸಕ್ಕೆ ತೊಂದರೆಯಿಲ್ಲ. ಬಾಗಿಲು, ಕಿಟಕಿ ಮಾಡಿ ಮಾರುವುದಕ್ಕೆ ತೊಡಗಿದರೆ ಮಾತ್ರ ಗೃಹಬಳಕೆಯ ದರ ಸಲ್ಲುವುದಿಲ್ಲ. ಅನಧಿಕೃತ ಬಳಕೆ ಎಂದು ಅದೇ ಕಾಯ್ದೆಯ 126ನೆಯ ಕಲಮಿನಡಿ ಅನ್ವಯವಾಗುವ ದರದ ಎರಡು ಪಟ್ಟು ಹಾಕುತ್ತಾರೆ.

ನಿಮ್ಮ ಕೈಯಿಂದಲೂ ಆಗುವ ಕೆಲಸ ಬೇಕಾದಷ್ಟಿದೆ. ಜಾಗ ಗುರುತಿಸುವುದು, ಹಲಗೆ ಬೋರ್ಡ್ ಕೂರಿಸುವುದು, ಪೈಪಿಗೆ ಕ್ಲ್ಯಾಂಪ್ ಹೊಡೆಯುವುದು, ಯಂತ್ರಗಳ ಪಟ್ಟಿ ಬರೆಯುವುದು ಮಾಡಿಟ್ಟುಕೊಂಡರೆ ಕೂಲಿಯೂ ಉಳಿಯುತ್ತದೆ. ತಂತಿ ಎಳೆದು, ಯಂತ್ರಗಳಿಗೆ ಇನ್ನೂ ಜೋಡಿಸದೆ ಇರುವಾಗ 500 ವೋಲ್ಟಿನ ಮೆಗ್ಗರ್ (ತಂತಿಯ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೀಟರ್) ಹಾಕಿಸಿ. ಒಂದು ಮೆಗ್ ಓಮಿಗಿಂತ ಕಡಿಮೆ ಬಂದರೆ ಎಲ್ಲೋ ಹೊದಿಕೆ ತರಚಿದೆ ಎಂದರ್ಥ, ಕರೆಂಟ್ ಕೊಡಬೇಡಿ. ಹೊಸ ತಂತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಬರಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಗುತ್ತಿಗೆದಾರರ ಎದುರಲ್ಲೇ ಒತ್ತಿ ನೋಡಿ. ಅವರಿಂದ ಮೆಗ್ಗರ್ ಓದು ಬರೆದ, ಪರವಾನಗಿ ಸಂಖ್ಯೆ ಇರುವ, ಕೆಲಸ ಪೂರ್ಣಗೊಂಡ ವರದಿಯನ್ನು ಪಡೆಯಿರಿ. ಜಗುಲಿಯ 25ರ ಎಂಸಿಬಿಗೆ ‘ಹಿಂದಿನ ಶೆಡ್ಡು’ ಎಂದೂ, ಬಾಗಿಲ ಐಸೊಲೇಟರಿಗೆ ‘ಕರೆಂಟ್ ಜಗುಲಿಯಿಂದ ಬರುತ್ತದೆ’ ಎಂದೂ ಅಳಿಸದ ಶಾಯಿಯಲ್ಲಿ ಬರೆಸಿ. ಡಿಬಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಯಾವ ಎಂಸಿಬಿ ಯಾವ ಯಂತ್ರಕ್ಕೆ ಎಂಬ ನಕ್ಷೆ ಅಂಟಿಸಿ. ರ‍್ಯಾಕನ್ನು ಹಿಂಗೋಡೆಗೆ ಮೊಳೆ ಹೊಡೆದು ಕೂರಿಸುವುದು ಹಳೆಯ ತಂತಿಯೆಲ್ಲ ಆ ಗೋಡೆಯಿಂದ ಹೊರಬಂದ ನಂತರ ಇರಲಿ.